ಒಂದು ಗಂಟಲು, ಮೂರು ದಿನಾಂಕ

ಫೆಬ್ರವರಿ 5, ಬುಧವಾರ

ಬಾಯಿ ಮುಚ್ಚಿಸಿಬಿಟ್ಟರು. ಇಷ್ಟು ವರ್ಷ ಯಾರ ಕೈಯಲ್ಲೂ ಆಗದ ಕೆಲಸವನ್ನು ಗಂಟಲಿನ ಡಾಕ್ಟರು ಅರ್ಧ ಗಂಟೆಯಲ್ಲಿ ಮಾಡಿ ಮುಗಿಸಿದರು.

ದನಿಯ ತಂತಿಯ ಮೇಲೆ ಬೆಳೆದಿದ್ದ ಗಂಟನ್ನು ತೆಗೆದಾಯಿತು. ಕೆಟ್ಟ ಗಂಟಲ್ಲವಂತೆ. ಆ ಮಾತು ಕೇಳಿದಾಗ ನಮ್ಮ ಯಜಮಾನರು, ಇವರು, ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ, ಗಂಟಲಿಗಿಂತ ಬೆರಳೇ ಹೆಚ್ಚು ನೋಯಿತು. ಆದರೆ ಮೂರು ವಾರ ಒಂದಕ್ಷರವನ್ನೂ ಆಡುವಂತಿಲ್ಲ. ಪಿಸುಮಾತೂ ಕೂಡದು, ಪಿಸುಗುಟ್ಟಿದರೆ ಇನ್ನೂ ಕೆಡುತ್ತದೆಯಂತೆ.

"ಇದು ಯಾಕೆ ಬಂತು ಡಾಕ್ಟ್ರೆ?" ಎಂದು ಇವರು ಕೇಳಿದರು.

"ಇವರ ಕೆಲಸ ಏನು?"

"ರಕ್ತನಿಧೀಲಿ ಲೆಕ್ಕ ನೋಡ್ಕೋತಾಳೆ."

"ಲೆಕ್ಕ ನೋಡೋಕೆ ಗಂಟಲು ಯಾಕ್ರೀ ಬೇಕು?"

ಆಗ ಉತ್ತರ ಕೊಡಲಾಗಲಿಲ್ಲ. ಇಲ್ಲಿ ಕೊಡುತ್ತೇನೆ. ಬೆಳಿಗ್ಗೆ ಕುರ್ಚಿಯಲ್ಲಿ ಕೂತ ಕೂಡಲೇ ನಾನು ಫೋನ್ ಎತ್ತಿಕೊಳ್ಳುತ್ತೇನೆ. ರಕ್ತದಾನದ ಕ್ಯಾಂಪಿನವರಿಗೆ, ಪರೀಕ್ಷೆ ಮಾಡುವ ಲ್ಯಾಬಿಗೆ, ಚೀಲಗಳನ್ನಿಡುವ ದಾಸ್ತಾನು ಕೋಣೆಗೆ. ಎಲ್ಲರ ಡೇಟಾವೂ ಕಂಪ್ಯೂಟರಿಗೆ ಬಂದು ಬಿದ್ದಿರುತ್ತದೆ, ನಿಜ. ಆದರೆ ಕ್ಯಾಂಪಿನವರು ಸೊನ್ನೆ ಎಂದು ಬರೆದಿದ್ದರೆ ಅದು 'ಯಾರೂ ರಕ್ತ ಕೊಡಲಿಲ್ಲ' ಎಂದೋ 'ಇನ್ನೂ ಎಣಿಸಿಲ್ಲ' ಎಂದೋ, ಕೇಳದೆ ಹೇಗೆ ತಿಳಿಯಬೇಕು? ಕೇಳಿ, ತಿದ್ದಿ, ಯಾವ ಗುಂಪಿನ ರಕ್ತ ಎಷ್ಟಿದೆ, ಎಲ್ಲಿಯವರೆಗೆ ಬಳಸಬಹುದು ಎಂಬ ಪಟ್ಟಿ ಮಾಡಿ ಊರಿನ ಆಸ್ಪತ್ರೆಗಳಿಗೆಲ್ಲ ಕಳಿಸುತ್ತೇನೆ. ಅದೇ ನನ್ನ ಲೆಕ್ಕ. ಅದು ಗಂಟಲಿನಿಂದಲೇ ನಡೆಯುತ್ತದೆ, ಡಾಕ್ಟರೇ.

ಮಾತಾಡದೆ ಹುಚ್ಚು ಹಿಡಿದೀತು ಎಂದು ಹೆದರಿ ಇದನ್ನು ಬರೆಯಲು ಹಿಡಿದಿದ್ದೇನೆ. ಬರೆದು ರೂಢಿಯಿಲ್ಲ. ಇರಲಿ.

ಫೆಬ್ರವರಿ 8, ಶನಿವಾರ

ಅತ್ತೆಗೆ ಕಿವಿ ಕೇಳಿಸುವುದಿಲ್ಲ, ನನಗೆ ಬಾಯಿಲ್ಲ. ಇಬ್ಬರೂ ಅಡುಗೆಮನೆಯಲ್ಲಿ ಕೈಸನ್ನೆ ಮಾಡುತ್ತ ನಿಂತರೆ ಎರಡು ಗಾಳಿಯಂತ್ರ ಎದುರುಬದುರು ನಿಂತ ಹಾಗಿರುತ್ತದೆ ಎಂದು ಇವರು ನಗುತ್ತಾರೆ.

ಒರೆಸಿ ಬರೆಯುವ ಒಂದು ಪುಟ್ಟ ಬಿಳಿ ಹಲಗೆ ತಂದುಕೊಟ್ಟಿದ್ದಾರೆ. ಕೊರಳಿಗೆ ನೇತುಹಾಕಿಕೊಂಡಿದ್ದೇನೆ. ಅತ್ತೆ ಭೂತಗನ್ನಡಿ ಹಿಡಿದು ಓದಿ, "ಅಕ್ಷರ ಚೆನ್ನಾಗಿದೆ ಕಣಮ್ಮ, ಇಷ್ಟು ವರ್ಷದಲ್ಲಿ ಇವತ್ತೇ ನೋಡಿದ್ದು" ಎಂದರು.

ಸಂಜೆ ಇವರು ಅಂಗಡಿಯಿಂದ ಬಂದು ಚಹಾ ಕುಡಿಯುತ್ತ, "ಒಂದು ಮಾತು ಹೇಳ್ಲಾ? ನಂಗೆ ಸಕ್ಕರೆ ಇಷ್ಟೊಂದು ಬೇಡ" ಎಂದರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಹಲಗೆಯಲ್ಲಿ ಬರೆದೆ. "ಹೇಳೋಕೆ ಸಂದು ಸಿಗಬೇಕಲ್ಲ!"

ಹೊಲಿಗೆಯಂತ್ರ ರಿಪೇರಿ ಮಾಡುವ ಈ ಮನುಷ್ಯ ಮಾತಿನಲ್ಲಿ ಬಲು ಜಿಪುಣ ಎಂದೇ ನಾನು ತಿಳಿದಿದ್ದೆ. ಇವತ್ತು ಒಂದು ಗಂಟೆ ಅಂಗಡಿಯ ಕಥೆ ಹೇಳಿದರು. ಪಾಪ, ನನಗೆ ಬೇಜಾರಾಗದಿರಲಿ ಎಂದು ಇರಬೇಕು.

ಫೆಬ್ರವರಿ 12, ಬುಧವಾರ

ಆಫೀಸಿಗೆ ಹೋದೆ. ಮನೆಯಲ್ಲಿ ಕೂತು ಏನು ಮಾಡಲಿ?

ನನ್ನ ವಿಭಾಗದಲ್ಲಿ ನಾನು ಮತ್ತು ಉದ್ದಣ್ಣ, ಇಬ್ಬರೇ. ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದಷ್ಟು ಎತ್ತರದ ಮನುಷ್ಯ. ಹಿಂದೆ ಬಣ್ಣದ ಕಾರ್ಖಾನೆಯಲ್ಲಿದ್ದ, ನಮ್ಮಲ್ಲಿಗೆ ಬಂದು ಒಂದು ವರ್ಷವಾಯಿತಷ್ಟೆ. ನಾನಿಲ್ಲದಾಗ ಪಟ್ಟಿಯನ್ನು ಅವನೇ ಮಾಡಿದ್ದಾನೆ. ಯಾರಿಗೂ ಫೋನ್ ಮಾಡಿಲ್ಲ. "ಡೇಟಾ ಬಂದಿದೆಯಲ್ಲ ಮೇಡಂ, ಹಾಗೇ ಹಾಕ್ದೆ" ಎನ್ನುತ್ತಾನೆ!

ಯಾರ್ಯಾರನ್ನು ಏನೇನು ಕೇಳಬೇಕು ಎಂದು ಅವನಿಗೆ ಬರೆದುಕೊಡಲು ಕೂತೆ. ಅರ್ಧ ಪುಟಕ್ಕೆ ನಿಂತುಹೋಯಿತು. ಏನು ಕೇಳಬೇಕೆಂಬುದು ಫೋನಿನಲ್ಲಿ ಆ ಕಡೆಯವರ ದನಿ ಕೇಳಿದ ಮೇಲೆ ನನಗೆ ಹೊಳೆಯುವಂಥದ್ದು. ಅದನ್ನು ಕಾಗದದಲ್ಲಿ ಹೇಗೆ ಇಳಿಸುವುದು?

ನಾನಿಲ್ಲದಿದ್ದರೆ ಈ ಕೇಂದ್ರದ ಗತಿ ಏನೋ. ಜಂಬದಿಂದ ಹೇಳುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ.

ಫೆಬ್ರವರಿ 18, ಮಂಗಳವಾರ

ಇದ್ದುದನ್ನು ಇದ್ದ ಹಾಗೆ ಬರೆದುಬಿಡುತ್ತೇನೆ.

ಬೆಳಿಗ್ಗೆ ಮಕ್ಕಳ ಆಸ್ಪತ್ರೆಯಿಂದ ಪ್ಲೇಟ್‌ಲೆಟ್ ಬೇಕೆಂದು ಕರೆ ಬಂತು. ಅಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಒಂದು ಪುಟ್ಟ ಹುಡುಗಿ. ಮೂಗಿನಿಂದ ರಕ್ತ ಸೋರಲು ಶುರುವಾಗಿ ನಿಲ್ಲುತ್ತಿಲ್ಲ. ಪ್ಲೇಟ್‌ಲೆಟ್ ಕೊಟ್ಟರೆ ನಿಲ್ಲುತ್ತದೆ. ನಮ್ಮ ಪಟ್ಟಿಯಲ್ಲಿ ಬೇಕಾದಷ್ಟು ಚೀಲಗಳಿದ್ದವು, ನಾಳೆಯವರೆಗೂ ಬಳಸಬಹುದು ಎಂದಿತ್ತು.

ದಾಸ್ತಾನು ಕೋಣೆಯ ಅಕ್ಕ ಚೀಲ ತೆಗೆಯಲು ಹೋದವರು ಬರಿಗೈಯಲ್ಲಿ ಓಡಿ ಬಂದರು.

"ಮೇಡಂ, ಚೀಲದ ಮೇಲೆ ನಿನ್ನೆಗೇ ಮುಗಿದಿದೆ ಅಂತಿದೆ. ಒಂದಲ್ಲ, ಅಷ್ಟೂ!"

ಪ್ಲೇಟ್‌ಲೆಟ್‌ನ ಆಯುಸ್ಸು ರಕ್ತ ತೆಗೆದ ದಿನದಿಂದ ಐದೇ ದಿನ. ಆಮೇಲೆ ಅದನ್ನು ಯಾರಿಗೂ ಕೊಡುವಂತಿಲ್ಲ. ಚೀಲದ ಮೇಲಿನ ಲೇಬಲ್ ಸರಿಯಾಗಿತ್ತು, ನಮ್ಮ ಪಟ್ಟಿ ತಪ್ಪಾಗಿತ್ತು. ಬೇಕಾದಷ್ಟಿದೆ ಎಂದು ನಮ್ಮ ಪಟ್ಟಿ ಹೇಳಿದ್ದರಿಂದಲೇ ಕ್ಯಾಂಪಿನವರು ಈ ವಾರ ಹೊಸದಾಗಿ ತೆಗೆಸಿರಲಿಲ್ಲ.

ನದಿಯಾಚೆಯ ಊರಿನ ರಕ್ತನಿಧಿಯಲ್ಲಿ ಇರಬಹುದೆಂದು ನನಗೆ ಗೊತ್ತಿತ್ತು. ಹಲಗೆಯಲ್ಲಿ ನಂಬರು ಬರೆದೆ, ಉದ್ದಣ್ಣ ಸ್ಪೀಕರ್ ಹಾಕಿ ಫೋನ್ ಮಾಡಿದ. ಆ ಕಡೆಯವರು ನನಗೆ ಬಹಳ ವರ್ಷದಿಂದ ಪರಿಚಯ, ಆದರೆ ಮುಖ ನೋಡಿದವಳಲ್ಲ.

"ಇರೋದೇ ಎರಡು ಚೀಲ. ನೀವ್ಯಾರೋ ನಂಗೊತ್ತಿಲ್ಲ. ಮೇಡಂ ಎಲ್ಲಿ? ಅವರು ಹೇಳ್ಲಿ, ಕೊಡ್ತೀನಿ."

"ಮೇಡಂಗೆ ಆಪರೇಷನ್ ಆಗಿದೆ ಸರ್, ಮಾತಾಡೋ ಹಾಗಿಲ್ಲ."

"ಹಾಗಂತ ಯಾರು ಬೇಕಾದ್ರೂ ಹೇಳಬಹುದಲ್ಲಪ್ಪ. ಕೊಟ್ಟು ನಮ್ಮ ರೋಗಿಗೇ ಇಲ್ಲದ ಹಾಗಾದ್ರೆ?"

ಅವರದೂ ತಪ್ಪಲ್ಲ. ನಮ್ಮ ಕೇಂದ್ರದ ಸಾಹೇಬರನ್ನು ಕರೆಸೋಣವೆಂದರೆ ಅವರು ಸಭೆಗೆಂದು ಹೊರಗೆ ಹೋಗಿದ್ದರು. ಆ ಹುಡುಗಿಯ ಮೂಗು ನನ್ನ ಕಣ್ಣ ಮುಂದೆ ಬಂತು. ಫೋನ್ ಕಿತ್ತುಕೊಂಡೆ.

"ನಾನೇ. ಕಳಿಸಿ."

ಎರಡೇ ಮಾತು. ಯಾವುದೋ ಹಳೆಯ ಬಾಗಿಲು ಕಿರುಗುಟ್ಟಿದ ಹಾಗಿತ್ತು. ಆದರೆ ಅವರು ಗುರುತು ಹಿಡಿದರು. "ಅಯ್ಯೋ ಮೇಡಂ! ಈಗಲೇ ಕಳಿಸ್ತೀನಿ" ಎಂದರು. ಗಂಟಲಲ್ಲಿ ರಕ್ತದ ರುಚಿ ಬಂತು.

ನಮ್ಮ ಡ್ರೈವರು ಸೇತುವೆ ದಾಟಿ ಹೋಗಿ ತಂದು ನೇರ ವಾರ್ಡಿಗೇ ಮುಟ್ಟಿಸಿದರು. ಊಟ ಬಿಟ್ಟು ಹೋದವರು, ಬಂದ ಮೇಲೆ ಒಂದು ಲೋಟ ನೀರು ಕುಡಿದು, "ಪಾಪು ಹೆಂಗಿದೆಯಂತೆ?" ಎಂದು ಕೇಳಿದರು. ಸಂಜೆ ವಾರ್ಡಿನ ಸಿಸ್ಟರ್ ಫೋನ್ ಮಾಡಿ ರಕ್ತ ನಿಂತಿತು ಎಂದರು. ಆ ಅಕ್ಕ, ಆ ಡ್ರೈವರು, ಆಚೆ ದಡದ ಆ ಮನುಷ್ಯ, ಆ ಸಿಸ್ಟರ್, ಇವರಿಗೆಲ್ಲ ಹೇಗೆ ಥ್ಯಾಂಕ್ಸ್ ಹೇಳಲಿ? ಬಾಯಿಯಂತೂ ಇಲ್ಲ. ಇಲ್ಲಿ ಬರೆದಿಡುತ್ತೇನೆ.

ಫೆಬ್ರವರಿ 19, ಬುಧವಾರ

ಸಾಹೇಬರು ಎಲ್ಲರನ್ನೂ ಕೂಡಿಸಿದರು. ಹೇಗಾಯಿತು ಎಂಬುದು ಬೇಗ ಬಯಲಾಯಿತು. ಲ್ಯಾಬಿಗೆ ಈ ತಿಂಗಳು ಹೊಸ ಯಂತ್ರ ಬಂದಿದೆ. ಮೊದಲು 'ದಿನಾಂಕ' ಎಂಬ ಕಡೆ ರಕ್ತ ತೆಗೆದ ದಿನ ಬರುತ್ತಿತ್ತು. ಹೊಸ ಯಂತ್ರ ಪರೀಕ್ಷೆ ಮುಗಿದ ದಿನವನ್ನು ಹಾಕುತ್ತದೆ. ಉದ್ದಣ್ಣ ಅದರಿಂದ ಐದು ದಿನ ಎಣಿಸಿದ. ಸತ್ತ ಚೀಲಗಳಿಗೆ ಪಟ್ಟಿಯಲ್ಲಿ ಜೀವ ಬಂತು.

ಸಾಹೇಬರು ಲ್ಯಾಬ್ ಮೇಡಂ ಕಡೆ ತಿರುಗಿದರು. ಆಕೆ ಗಟ್ಟಿ ಹೆಂಗಸು. ಹತ್ತು ಮಾತಿಗೆ ಒಂದು ಮಾತು.

"ನಮ್ಮ ದಿನಾಂಕ ತಪ್ಪಿಲ್ಲ ಸರ್. ಅದು ಪರೀಕ್ಷೆ ದಿನ, ಸರಿಯಾಗೇ ಇದೆ. ಅದನ್ನ ಇವರು ಏನಕ್ಕೆ ಬಳಸ್ತಾರೆ ಅಂತ ನಮಗ್ಯಾರೂ ಹೇಳಿಲ್ಲ."

ನನಗೆ ಮೈ ಉರಿದುಹೋಯಿತು. ಹೇಳದೆ ಕೇಳದೆ ಬದಲಾಯಿಸಿದ್ದು ನೀವಲ್ಲವಾ ಎಂದು ಹಲಗೆಯಲ್ಲಿ ಬರೆಯತೊಡಗಿದೆ. ನಾನು ಬರೆದು ಮುಗಿಸುವಷ್ಟರಲ್ಲಿ ಆಕೆ ಇನ್ನೊಂದು ಮಾತು ಸೇರಿಸಿದರು: "ಮೇಡಂ ದಿನಾ ಬೆಳಿಗ್ಗೆ ಫೋನ್ ಮಾಡೋರು. ಮಾಡಿದಾಗ ಹೇಳ್ತಿದ್ದೆ. ಈ ಸಲ ಫೋನ್ ಬರ್ಲಿಲ್ಲ."

ಹಲಗೆ ಒರೆಸಿದೆ.

ಫೆಬ್ರವರಿ 21, ಶುಕ್ರವಾರ

ಉದ್ದಣ್ಣ ಎರಡು ದಿನ ಮಂಕಾಗಿದ್ದ. ಇವತ್ತು ದಾಸ್ತಾನು ಕೋಣೆಯಿಂದ ಒಂದು ಖಾಲಿ ಚೀಲ ಹಿಡಿದುಕೊಂಡು ಬಂದು ನನ್ನ ಮೇಜಿನ ಮೇಲಿಟ್ಟ.

"ಮೇಡಂ, ಇದರ ಮೇಲೆ ಏನೇನಿದೆ ನೋಡಿ. ಯಾವ ಗುಂಪು, ಯಾವತ್ತು ತೆಗೆದದ್ದು, ಯಾವತ್ತಿನವರೆಗೆ, ಯಾರು ಜವಾಬ್ದಾರಿ. ಇದಿಲ್ಲದ ಚೀಲ ಯಾರಾದ್ರೂ ಮುಟ್ತಾರಾ?"

ತಲೆಯಾಡಿಸಿದೆ.

"ಬಣ್ಣದ ಡಬ್ಬಿ ಮೇಲೂ ಇರ್ತಿತ್ತು. ಆದ್ರೆ ಡೇಟಾ ಮಾತ್ರ ನಾವು ಹಾಗೇ ತಗೋತೀವಿ. ಅದೂ ಒಂದು ಸರಕೇ ಅಲ್ವಾ? ಲ್ಯಾಬ್ ತಯಾರಿಸುತ್ತೆ, ನಾವು ತಗೊಂಡು ಬಳಸ್ತೀವಿ. ತಯಾರಿಸೋರಿಗೂ ತಗೊಳ್ಳೋರಿಗೂ ನಡುವೆ ಒಂದು ಒಪ್ಪಂದ ಇರ್ಲಿ. ಇದರಲ್ಲಿ ಏನಿದೆ, ಯಾವ ಹೊತ್ತಿಗೆ ಬರುತ್ತೆ, ಬದಲಾದ್ರೆ ಎಷ್ಟು ಮುಂಚೆ ಹೇಳ್ತಾರೆ, ಕೆಟ್ಟರೆ ಯಾರನ್ನ ಹಿಡಿಯಬೇಕು. ಅಷ್ಟೇ."

'ಕಾಗದ ಬರೆದರೆ ಜನ ಬದಲಾಗುತ್ತಾರಾ?' ಎಂದು ಬರೆದು ತೋರಿಸಿದೆ.

ಅವನು ಹೇಳಿದ: "ಗೊತ್ತಿಲ್ಲ ಮೇಡಂ. ಆದ್ರೆ ಮೊನ್ನೆ ಆ ಮಗು ನಿಮ್ಮ ಗಂಟಲಿಗೆ ಜೋತುಬಿದ್ದಿತ್ತು. ಇನ್ನೊಂದ್ಸಲ ಹಾಗಾಗೋದು ಬೇಡ."

ಚಿಕ್ಕವನ ಬಾಯಲ್ಲಿ ದೊಡ್ಡ ಮಾತು ಎನ್ನಿಸಿತು. ಆದರೂ ಆ ಖಾಲಿ ಚೀಲವನ್ನು ನನ್ನ ಮೇಜಿನ ಮೇಲೇ ಇಟ್ಟುಕೊಂಡೆ.

ಫೆಬ್ರವರಿ 25, ಮಂಗಳವಾರ

ಡಾಕ್ಟರು ಗಂಟಲಲ್ಲಿ ಕೊಳವೆ ಇಳಿಸಿ ನೋಡಿದರು. "ಮಾತಾಡಿದ್ರಾ?" ಎಂದರು. ಎರಡು ಬೆರಳು ಎತ್ತಿ ತೋರಿಸಿದೆ. ಗಾಯ ಮತ್ತೆ ಬಾಯಿ ಬಿಟ್ಟಿದೆಯಂತೆ. ಇನ್ನೊಂದು ತಿಂಗಳು. ಮೊದಲಿನ ದನಿ ಪೂರ್ತಿ ಬರುತ್ತದೆಂದು ಮಾತು ಕೊಡಲಾರೆ ಎಂದರು.

ಬರೆಯಲು ಮನಸ್ಸಿಲ್ಲ. ಅತ್ತೆ ಏನೂ ಕೇಳದೆ ಪಕ್ಕದಲ್ಲಿ ಬಂದು ಕೂತರು. ಅಷ್ಟೇ ಸಾಕಾಯಿತು.

ಫೆಬ್ರವರಿ 27, ಗುರುವಾರ

ಒಪ್ಪಂದ ಬರೆಯುವ ಕೆಲಸವನ್ನು ಸಾಹೇಬರು ನನಗೇ ಅಂಟಿಸಿದ್ದಾರೆ. "ಹೇಗೂ ಬರೆದೇ ಮಾತಾಡ್ತೀರಲ್ಲ" ಎಂದು ತಮಾಷೆ ಬೇರೆ.

ಇವತ್ತಿಡೀ ಲ್ಯಾಬಿನಲ್ಲಿ ಕೂತಿದ್ದೆ. ಇಷ್ಟು ವರ್ಷ ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲೇ ಇದೆ. ಬಾಗಿಲಿನಿಂದಾಚೆ ನಾನು ಕಾಲಿಟ್ಟವಳಲ್ಲ. ಫೋನ್ ಇತ್ತಲ್ಲ. ಕೊಳವೆಗಳನ್ನು ಗಿರಗಿರ ತಿರುಗಿಸುವ ಯಂತ್ರ, ಪ್ಲೇಟ್‌ಲೆಟ್ ಚೀಲಗಳನ್ನು ಹಗಲೂ ರಾತ್ರಿ ತೊಟ್ಟಿಲಿನಂತೆ ತೂಗುವ ಕಪಾಟು, ನೆಲದಲ್ಲಿ ಸ್ಪಿರಿಟ್ಟಿನ ವಾಸನೆ. ಲ್ಯಾಬ್ ಮೇಡಂ ನನಗೊಂದು ಕುರ್ಚಿ ಹಾಕಿಸಿ ತಮ್ಮ ಕೆಲಸ ಮುಂದುವರಿಸಿದರು. ಮೊದಲು ಅವರೂ ಮಾತಾಡಲಿಲ್ಲ. ನಾನಂತೂ ಆಡುವ ಹಾಗಿಲ್ಲ. ಆಮೇಲೆ ಅವರಾಗಿಯೇ ಶುರು ಮಾಡಿದರು.

"ಹಳೇ ಯಂತ್ರದಲ್ಲಿ ದಿನಾಂಕ ಕೈಯಲ್ಲಿ ಹೊಡೀಬೇಕಿತ್ತು. ತಪ್ಪಾಗ್ತಿತ್ತು. ಇದು ತಾನೇ ಹಾಕುತ್ತೆ. ಇನ್ನು ತಪ್ಪೇ ಆಗಲ್ಲ ಅಂತ ನಾವೆಲ್ಲ ಎಷ್ಟು ಖುಷಿಪಟ್ಟಿದ್ವಿ ಗೊತ್ತಾ?" ಎಂದು ನಕ್ಕರು. ನಗುವಿನಲ್ಲಿ ಸಂತೋಷವಿರಲಿಲ್ಲ. "ಆ ಮಗು ವಿಷಯ ಕೇಳಿದ ಮೇಲೆ ನಂಗೆ ನಿದ್ದೆ ಇಲ್ಲ ಮೇಡಂ."

ಅವರಿಂದ ಹೊರಟ ಫೈಲು ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಹಲಗೆಯಲ್ಲಿ ಗೆರೆ ಎಳೆದು ತೋರಿಸಿದೆ. ನಮ್ಮ ಪಟ್ಟಿಗೆ, ಅಲ್ಲಿಂದ ಆಸ್ಪತ್ರೆಗಳಿಗೆ, ಕ್ಯಾಂಪಿನವರ ಮುಂದಿನ ವಾರದ ಯೋಜನೆಗೆ. ಕೈಗವಸು ಹಾಕಿದ ಬೆರಳನ್ನು ಆ ಗೆರೆಗಳ ಮೇಲೆ ಆಡಿಸುತ್ತ, "ಇದು ಇಷ್ಟು ದೂರ ಹೋಗುತ್ತಾ!" ಎಂದರು.

ಆಮೇಲೆ ಇಬ್ಬರೂ ಬರೆಯಲು ಕೂತೆವು. 'ದಿನಾಂಕ' ಎಂಬ ಒಂದೇ ಪದವನ್ನು ಬಿಡಿಸಿ ಮೂರು ಮಾಡಿದೆವು: ರಕ್ತ ತೆಗೆದ ದಿನ, ಪರೀಕ್ಷೆ ಮುಗಿದ ದಿನ, ಬಳಕೆಗೆ ಕೊನೆಯ ದಿನ. ಬರಿಯ 'ದಿನಾಂಕ' ಎಂದು ಇನ್ನು ಯಾರೂ ಬರೆಯಕೂಡದು. ಬೆಳಿಗ್ಗೆ ಏಳಕ್ಕೆ ಫೈಲು ಕೊಡಿ ಎಂದು ನಾನು ಬರೆದೆ. ಅವರು ಪೆನ್ನು ಇಸಿದುಕೊಂಡು ಹೊಡೆದುಹಾಕಿದರು.

"ಏಳು ಅಂತ ಬರೆದು ಎಂಟಕ್ಕೆ ಕೊಡೋದು ನಂಗಾಗಲ್ಲ. ಎಂಟು ಅಂತ ಬರೀರಿ, ಎಂಟಕ್ಕೆ ಕೊಡ್ತೀನಿ. ಆಗದಿದ್ರೆ ಆಗಲ್ಲ ಅಂತ ಮೊದಲೇ ಹೇಳ್ತೀನಿ."

ಎಂಟಕ್ಕೆ ಬಂದರೆ ನಮ್ಮ ಗಾಡಿಗಳು ತಡವಾಗಿ ಹೊರಡಬೇಕು. ಆದರೆ ದಿನಕ್ಕೊಂದು ಹೊತ್ತಿಗೆ ಬರುವ ಫೈಲಿಗಿಂತ ಅದೇ ವಾಸಿ. ಒಪ್ಪಿದೆ.

"ನೀವೇನು ಮಾತು ಕೊಡ್ತೀರಿ?" ಎಂದು ಕೇಳಿದರು. ತಗೊಳ್ಳುವವರೂ ಮಾತು ಕೊಡಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ನಿಮಗೇನು ಬೇಕು ಎಂದು ಬರೆದೆ.

ಆಕೆ ತುಸು ಹಿಂದೆಮುಂದೆ ನೋಡಿದರು. "ಬೇಜಾರು ಮಾಡ್ಕೋಬಾರದು. ಬೆಳಿಗ್ಗೆ ಫೋನ್ ಮಾಡ್ಬೇಡಿ. ನಿಮ್ಮ ಫೋನ್ ಬಂದಾಗೆಲ್ಲ ಕೈಗವಸು ಬಿಚ್ಚಿ, ಕೈ ತೊಳೆದು, ಎತ್ತಬೇಕು. ಮತ್ತೆ ಮೊದಲಿಂದ. ಅಷ್ಟರಲ್ಲಿ ನಾಲ್ಕು ಚೀಲದ ಕೆಲಸ ಹಿಂದೆ ಬೀಳುತ್ತೆ."

ಅದನ್ನೂ ಬರೆದೆ. ನನ್ನ ಕೈಯಾರೆ. 'ಲೆಕ್ಕದ ವಿಭಾಗದವರು ಬೆಳಗಿನ ಹೊತ್ತು ಲ್ಯಾಬಿಗೆ ಫೋನ್ ಮಾಡುವುದಿಲ್ಲ.'

ಹೊರಡುವಾಗ ಆಕೆ ಮೆಟ್ಟಿಲವರೆಗೆ ಬಂದು, "ಗಂಟಲಿಗೆ ಬಿಸಿ ಹಬೆ ತಗೊಳ್ತಿದ್ದೀರಾ?" ಎಂದು ಕೇಳಿದರು. ಗಟ್ಟಿ ಹೆಂಗಸು ಎಂದು ಮೊನ್ನೆ ಬರೆದಿದ್ದೆ. ಹಾಗೇನಿಲ್ಲ.

ಮಾರ್ಚ್ 4, ಮಂಗಳವಾರ

ಇವತ್ತು ಮೀಸೆ ಸರ್ ಜೊತೆ. ರಕ್ತದಾನದ ಕ್ಯಾಂಪುಗಳೆಲ್ಲ ಅವರ ಉಸ್ತುವಾರಿ. ಅವರ ಮೀಸೆ ನೋಡಿಯೇ ಅರ್ಧ ಜನ ಹೆದರಿ ರಕ್ತ ಕೊಡುತ್ತಾರೆಂದು ನಮ್ಮಲ್ಲೊಂದು ಮಾತಿದೆ. ಒಪ್ಪಂದ ಎಂದ ಕೂಡಲೇ ಮುಖ ಗಂಟಿಕ್ಕಿದರು.

"ಏನ್ ಮೇಡಂ ಇದು, ನಮ್ಮ ಮೇಲೆ ನಂಬಿಕೆ ಹೋಯ್ತಾ? ಇಷ್ಟು ವರ್ಷ ಒಂದು ಮಾತಲ್ಲಿ ನಡೀತಿರ್ಲಿಲ್ವಾ?"

'ಆ ಮಾತೇ ಈಗ ಇಲ್ಲವಲ್ಲ ಸರ್' ಎಂದು ಬರೆದು ಗಂಟಲು ಮುಟ್ಟಿ ತೋರಿಸಿದೆ. ಅವರ ಮೀಸೆ ಕೆಳಗಿಳಿಯಿತು. ಕುರ್ಚಿ ಎಳೆದುಕೊಂಡು ಕೂತರು.

ಸೊನ್ನೆಯ ವಿಷಯ ಬಂತು. ಸೊನ್ನೆ ಎಂದರೆ ಯಾರೂ ಕೊಡಲಿಲ್ಲ ಎಂದೇ ಅರ್ಥ. ಎಣಿಸದಿದ್ದರೆ ಖಾಲಿ ಬಿಡಬೇಕು. ಖಾಲಿ ಬಿಟ್ಟರೆ ಕೆಲಸಗಳ್ಳರು ಎಂದುಕೊಳ್ಳುತ್ತಾರೆಂದು ಅವರ ಹುಡುಗರು ಸೊನ್ನೆ ಹಾಕುತ್ತಿದ್ದರಂತೆ! "ಖಾಲಿ ಬಿಟ್ರೆ ಯಾರೂ ಬೈಯಲ್ಲ ಅಂತಾನೂ ಇದರಲ್ಲಿ ಬರೀರಿ" ಎಂದರು. ಬರೆದೆ.

ಉದ್ದಣ್ಣ ಕಂಪ್ಯೂಟರಿನಲ್ಲಿ ಒಂದು ಕಾವಲು ಇಡುತ್ತಿದ್ದಾನೆ. ಯಾರ ಫೈಲಾದರೂ ಸರಿ, ಒಪ್ಪಂದದಲ್ಲಿ ಹೇಳಿದಂತೆ ಇಲ್ಲದಿದ್ದರೆ ಅದು ಬಾಗಿಲಲ್ಲೇ ತಡೆದು, ಕಳಿಸಿದವರಿಗೇ ಸುದ್ದಿ ಮುಟ್ಟಿಸುತ್ತದೆ. ನಮ್ಮ ಪಟ್ಟಿಯವರೆಗೆ ಬರುವುದೇ ಇಲ್ಲ.

ಸಂಜೆ ಇವರು ಹೊಲಿಗೆಯಂತ್ರದ ಸೂಜಿ ಮುರಿಯುವುದಕ್ಕೆ ಎಷ್ಟು ಕಾರಣಗಳಿವೆ ಎಂದು ವಿವರಿಸಿದರು. ಇಷ್ಟೊಂದು ಕಾರಣಗಳಿರುತ್ತವೆಂದು ನನಗೆ ಗೊತ್ತಿರಲಿಲ್ಲ. ನಾಳೆ ಬಾಬಿನ್ ವಿಷಯ ಕೇಳಬೇಕು.

ಮಾರ್ಚ್ 11, ಮಂಗಳವಾರ

ಲ್ಯಾಬ್, ಕ್ಯಾಂಪ್, ನಾವು, ಮೂವರೂ ಸಹಿ ಹಾಕಿದೆವು. ನದಿಯಾಚೆಯವರೂ ಒಂದು ಪುಟದ ಒಪ್ಪಂದಕ್ಕೆ ಸಹಿ ಮಾಡಿ ಕಳಿಸಿದ್ದಾರೆ: ಕೊರತೆಯಾದಾಗ ಯಾರು ಕೇಳಬಹುದು, ಯಾವ ಡೇಟಾ ನೋಡಿ ಕೊಡುವುದು, ಎಷ್ಟು ಚೀಲ ತಮಗೆ ಉಳಿಸಿಕೊಳ್ಳುವುದು. ಕೆಳಗೆ ಕೈಬರಹದಲ್ಲಿ 'ಮೇಡಂ ಗಂಟಲು ಹೇಗಿದೆ?' ಎಂದು ಬರೆದಿದ್ದಾರೆ. ಆ ಸಾಲನ್ನು ಎರಡು ಸಲ ಓದಿದೆ.

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಬಸ್ಸು ತಡ. ಆಫೀಸಿಗೆ ಹೋಗುವಷ್ಟರಲ್ಲಿ ಉದ್ದಣ್ಣ ಆರಾಮಾಗಿ ಚಹಾ ಕುಡಿಯುತ್ತಿದ್ದ.

"ಇವತ್ತು ದೊಡ್ಡ ಗಲಾಟೆ ಆಗಿ ಮುಗೀತು ಮೇಡಂ" ಎಂದ.

ಲ್ಯಾಬಿನ ಯಂತ್ರ ಬೆಳಗಿನ ಜಾವವೇ ಕೆಟ್ಟಿತ್ತಂತೆ. ಎಂಟಕ್ಕೆ ಫೈಲು ಕೊಡಲಾಗುವುದಿಲ್ಲ, ಪ್ಲೇಟ್‌ಲೆಟ್ ಪರೀಕ್ಷೆ ನಿಂತಿದೆ ಎಂದು ಲ್ಯಾಬ್ ಮೇಡಂ ಆರಕ್ಕೇ ಸುದ್ದಿ ಹಾಕಿದ್ದಾರೆ. ಆ ಹೊತ್ತಿಗೆ ಕೈಯಲ್ಲಿರುವ ಚೀಲಗಳಲ್ಲಿ ಇವತ್ತಿಗೆ ಮುಗಿಯುವಂಥವು ಎಷ್ಟು ಎಂಬುದು ಕೊನೆಯ ದಿನದ ಸಾಲಿನಲ್ಲಿ ಎದ್ದು ಕಾಣುತ್ತಿತ್ತು. ಉದ್ದಣ್ಣ ಆಚೆ ದಡಕ್ಕೆ ಬೇಡಿಕೆ ಕಳಿಸಿದ. ಅವರು ಯಾರ ದನಿಯನ್ನೂ ಕೇಳಲಿಲ್ಲ. ಡೇಟಾ ನೋಡಿದರು, ಚೀಲ ಕಳಿಸಿದರು. ಮೀಸೆ ಸರ್ ಮಧ್ಯಾಹ್ನದ ಕ್ಯಾಂಪನ್ನು ಬೆಳಿಗ್ಗೆಗೇ ಎಳೆದುಕೊಂಡರು. ನಾನು ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಕೂತಿದ್ದಾಗ ಇದೆಲ್ಲ ನಡೆದುಹೋಗಿದೆ.

ನನ್ನನ್ನು ಒಬ್ಬರೂ ಕೇಳಲಿಲ್ಲ.

ಒಂದು ಕ್ಷಣ ಎದೆಯಲ್ಲಿ ಚುಳ್ಳೆಂದಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಉದ್ದಣ್ಣನ ಕೆಟಲಿನಿಂದ ನಾನೂ ಚಹಾ ಬಗ್ಗಿಸಿಕೊಂಡೆ. ಬಿಸಿಯಾಗಿತ್ತು. ಕೆಲಸದ ಬೆಳಿಗ್ಗೆ ಇಲ್ಲಿ ಬಿಸಿ ಚಹಾ ಕುಡಿದದ್ದು ಯಾವಾಗಲೋ ನೆನಪಿಲ್ಲ. ಯಾವಾಗಲೂ ಮೇಜಿನ ಮೇಲೆ ಆರಿ ತಣ್ಣಗಾಗಿರುತ್ತಿತ್ತು.

ಮಾರ್ಚ್ 20, ಗುರುವಾರ

ಮಕ್ಕಳ ಆಸ್ಪತ್ರೆಗೆ ಹೋಗಿದ್ದೆ. ಅವರ ಜೊತೆಗೂ ಒಪ್ಪಂದ ಆಗಬೇಕು: ನಾಳೆ ಎಷ್ಟು ಬೇಕಾಗಬಹುದೆಂದು ಅವರು ಇವತ್ತೇ ಹೇಳಿದರೆ ನಮಗೆ ಅನುಕೂಲ. ಲ್ಯಾಬ್ ಮೇಡಂ ಅವರನ್ನೂ ಕರೆದುಕೊಂಡು ಹೋದೆ. ಅವರ ಫೈಲು ಹೋಗಿ ಮುಟ್ಟುವ ಜಾಗ ಅವರೂ ನೋಡಲಿ ಎಂದು.

ವಾರ್ಡಿನ ಸಿಸ್ಟರ್ ಬಾಗಿಲಲ್ಲೇ ನಮ್ಮಿಬ್ಬರ ಕೈ ಹಿಡಿದುಕೊಂಡರು. ಆ ಹುಡುಗಿ ಕಿಟಕಿಯ ಪಕ್ಕದ ಹಾಸಿಗೆಯಲ್ಲಿದ್ದಳು. ತಲೆಯಲ್ಲಿ ಕೂದಲಿಲ್ಲ, ಕಣ್ಣುಗಳಲ್ಲಿ ಮಾತ್ರ ಭಾರೀ ತುಂಟತನ. ನನ್ನ ಕೊರಳಿನ ಹಲಗೆ ನೋಡಿದ್ದೇ ತಡ, ಇಸಿದುಕೊಂಡು ಬೆಕ್ಕಿನ ಚಿತ್ರ ಬರೆದಳು. ಅವಳ ಅಮ್ಮ, "ಆಂಟೀದು ವಾಪಸ್ ಕೊಡೇ, ಅವರು ಮಾತಾಡೋಕೆ ಬೇಕು" ಎಂದರು.

"ಸ್ವಲ್ಪ ಹೊತ್ತು ಆಂಟಿ ಮಾತಾಡೋದು ಬೇಡ" ಎಂದಳು ಹುಡುಗಿ.

ಎಲ್ಲರೂ ನಕ್ಕೆವು. ನಾನೂ, ದನಿಯಿಲ್ಲದೆ. ಪಕ್ಕಕ್ಕೆ ತಿರುಗಿದರೆ ಲ್ಯಾಬ್ ಮೇಡಂ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರಿಗೆ ತೋರಿಸಬೇಕೆಂದಿದ್ದದ್ದು ಇನ್ನೇನೂ ಉಳಿದಿರಲಿಲ್ಲ. ಆಸ್ಪತ್ರೆಯ ಒಪ್ಪಂದವನ್ನು ಪೂರ್ತಿ ಅವರೇ ಮಾತಾಡಿ ಮುಗಿಸಿದರು, ನನಗಿಂತ ಚೆನ್ನಾಗಿ. ಅಕ್ಕಪಕ್ಕದ ಊರುಗಳ ರಕ್ತನಿಧಿಯವರಿಗೆ ಇದನ್ನೆಲ್ಲ ವಿವರಿಸಲು ಯಾರನ್ನು ಕಳಿಸಲಿ ಎಂದು ಸಂಜೆ ಸಾಹೇಬರು ಕೇಳಿದಾಗ ಲ್ಯಾಬ್ ಮೇಡಂ ಹೆಸರನ್ನೇ ಬರೆದುಕೊಟ್ಟೆ.

ಮಾರ್ಚ್ 25, ಮಂಗಳವಾರ

ಮಧ್ಯಾಹ್ನ ಆಫೀಸಿನಿಂದ ನೇರ ಡಾಕ್ಟರ ಬಳಿ ಹೋದೆ. ಇವರಿಗೆ ಹೇಳಿರಲಿಲ್ಲ, ಕೆಟ್ಟ ಸುದ್ದಿಯಾದರೆ ದಾರಿಯಲ್ಲೇ ನುಂಗಿಕೊಂಡು ಹೋಗೋಣ ಎಂದುಕೊಂಡಿದ್ದೆ. ಕೊಳವೆ ಇಳಿಸಿದರು, ಬಹಳ ಹೊತ್ತು ನೋಡಿದರು, ತೆಗೆದರು.

"ವಾಸಿಯಾಗಿದೆ. ಮೆಲ್ಲಗೆ ಶುರು ಮಾಡಿ. ಒಂದು 'ಆ' ಅನ್ನಿ ನೋಡೋಣ."

ಅಂದೆ. ಬಂತು. ಒಂದಿಷ್ಟು ಒರಟಾಗಿತ್ತು, ಆದರೆ ನನ್ನದೇ. ಡಾಕ್ಟರಿಗೆ ಕೈ ಮುಗಿದೆ. ಅವರ ಕೈ ಇಷ್ಟು ಚೆನ್ನಾಗಿ ಕೆಲಸ ಮಾಡಿದೆ, ನಾನೇ ಒಂದು ಸಲ ಕೆಡಿಸಿದ್ದು. ಆದರೂ ಒಂದು ಮಾತು ಬೈಯದೆ ನಕ್ಕರು.

ಮನೆಗೆ ಬಂದಾಗ ಇವರು ಆಗಲೇ ಅಂಗಡಿ ಮುಚ್ಚಿ ಬಂದು ಚಹಾ ಮಾಡುತ್ತಿದ್ದರು. ಅತ್ತೆ ಒಳಗೆ ಮಲಗಿದ್ದರು. ನನ್ನನ್ನು ಕಂಡ ಕೂಡಲೇ, "ಕೂತ್ಕೋ ಕೂತ್ಕೋ, ಇವತ್ತೇನಾಯ್ತು ಗೊತ್ತಾ?" ಎಂದು ಶುರು ಮಾಡಿದರು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಆದರೆ ಅವರು ಕಥೆಯೊಳಗೆ ಇಳಿದಾಗಿತ್ತು. ಮುಗಿಯಲಿ ಎಂದು ಕೂತೆ.

ಒಬ್ಬ ಮುದುಕ ದರ್ಜಿಯಂತೆ. ಹೋದ ವಾರ ಇವರು ಅವನ ಹಳೆಯ ಯಂತ್ರವನ್ನು ಬಿಚ್ಚಿ, ಎಣ್ಣೆ ಹಾಕಿ, ಹೊಸದರಂತೆ ಮಾಡಿಕೊಟ್ಟಿದ್ದರು. ಇವತ್ತು ಅದನ್ನು ಹೊತ್ತುಕೊಂಡು ವಾಪಸ್ ಬಂದಿದ್ದಾನೆ, ರಿಪೇರಿ ಸರಿಯಾಗಿಲ್ಲ ಎಂದು.

"ತುಳಿದು ನೋಡಿದ್ರೆ ಬೆಣ್ಣೆ ಹಾಗೆ ಓಡ್ತಿದೆ. ಏನ್ ತಾತ ತೊಂದರೆ ಅಂದೆ. ಸದ್ದೇ ಮಾಡ್ತಿಲ್ಲ ಅಂದ! ಅದಕ್ಕೇ ಅಲ್ವಾ ರಿಪೇರಿ ಮಾಡಿದ್ದು ಅಂದೆ. ಆಗ ಹೇಳ್ದ, ಅವನ ಹೆಂಡತಿಗೆ ಕಣ್ಣು ಕಾಣಿಸಲ್ವಂತೆ. ಒಳಗಿನ ಕೋಣೇಲಿ ಕೂತು ಆ ಟಕಟಕ ಸದ್ದು ಕೇಳ್ಕೊಂಡೇ ಗಂಡ ಮನೇಲಿದ್ದಾನೆ ಅಂತ ಧೈರ್ಯವಾಗಿ ಇರ್ತಿದ್ಲಂತೆ. ಈಗ ಒಂದು ವಾರದಿಂದ ಗಳಿಗೆಗೊಂದ್ಸಲ ಕೂಗಿ ಕರೀತಾಳಂತೆ…"

ಇವರು ಲೋಟ ಎತ್ತಿಕೊಂಡು ಒಂದು ಗುಟುಕು ಕುಡಿದರು.

"ಆಮೇಲೇನಾಯ್ತು?" ಎಂದೆ.

"ಆಮೇಲೇನು, ಒಂದು ಸ್ಕ್ರೂ ಸಡಿಲ ಮಾಡ್ದೆ,  ಎರಡು ಸಲ ತುಳಿದು ನೋಡ್ದೆ, ಟಕಟಕ ಅಂತ ಶುರುವಾಯ್ತು. ತಾತನ ಮುಖ ನೋಡ್ಬೇಕಿತ್ತು ನೀನು, ಅವನು…"

ಅಲ್ಲಿಗೆ ನಿಂತರು. ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು.

"ಇನ್ನೊಂದ್ಸಲ ಹೇಳು."

"ಮೊದ್ಲು ಕಥೆ ಮುಗ್ಸಿ" ಎಂದೆ.